ಬ್ರಷ್‌ರಹಿತ ಮೋಟಾರನ್ನು ಸದ್ದಿಲ್ಲದೆ, ಕಡಿಮೆ ವಿದ್ಯುತ್ತಿನಲ್ಲಿ ಓಡಿಸುವುದು: ಡ್ರೈವರ್ ಐಸಿ ಜೋಡಿಸುವವರಿಗೆ ಹಂತಹಂತದ ಮಾರ್ಗದರ್ಶಿ

ಕೊಡಗಿನ ಹೋಂಸ್ಟೇ ಕೋಣೆಗಳಿಗೆ, ಕಾಫಿ ಗೋದಾಮುಗಳಿಗೆ, ಸೋಲಾರ್ ಡ್ರೈಯರ್‌ಗಳಿಗೆ ಬ್ಯಾಟರಿಯಿಂದ ನೇರವಾಗಿ ಬಿಎಲ್‌ಡಿಸಿ (ಬ್ರಷ್‌ರಹಿತ ಡಿಸಿ) ಫ್ಯಾನ್ ಓಡಿಸಲು ಹೊರಟವರ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ಫ್ಯಾನ್ ತಿರುಗುತ್ತದೆ, ಆದರೆ ಕೀರಲು ಸದ್ದು ಮಾಡುತ್ತದೆ. ಇಲ್ಲವೇ ಒಮ್ಮೆ ಅಲುಗಾಡಿ ನಿಂತು, ಕೆಲವು ಸೆಕೆಂಡುಗಳ ನಂತರ ಮತ್ತೆ ಅಲುಗಾಡುತ್ತದೆ. ಅದೂ ಅಲ್ಲದಿದ್ದರೆ, ಎಲ್ಲವೂ ಸರಿಯಾಗಿದೆ ಎನ್ನುವಾಗಲೇ, ವೇಗ ಇಳಿಸಿದ ಕ್ಷಣದಲ್ಲಿ ಡ್ರೈವರ್ ಐಸಿ (ಮೋಟಾರಿನ ಸುರುಳಿಗಳಿಗೆ ಸರದಿಯಂತೆ ಕರೆಂಟ್ ಕೊಡುವ ಚಿಪ್) ಸುಟ್ಟುಹೋಗುತ್ತದೆ. ಇವಕ್ಕೆ ಐಸಿಯ ದೋಷ ಕಾರಣವಾಗಿರುವುದು ಅಪರೂಪ. ಮೋಟಾರನ್ನು ಅಳೆಯುವ ಮೊದಲೇ ಐಸಿ ಕೊಳ್ಳುವುದು, ಮೋಟಾರ್ ಸರಿಯಾಗಿ ಹೊರಡುವ ಮೊದಲೇ ವೇಗ ಹೆಚ್ಚಿಸುವುದು, ಸದ್ದು ಎಲ್ಲಿಂದ ಬರುತ್ತಿದೆ ಎಂದು ತಿಳಿಯುವ ಮೊದಲೇ ಸೆಟ್ಟಿಂಗ್ ಬದಲಿಸುವುದು, ಹೀಗೆ ಕೆಲಸದ ಕ್ರಮ ತಪ್ಪುವುದೇ ನಿಜವಾದ ಕಾರಣ. ಆದ್ದರಿಂದ ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಬೇಕು.

ಇಲ್ಲಿ ಹೇಳುವುದು 12 ಅಥವಾ 24 ವೋಲ್ಟ್ ಬ್ಯಾಟರಿಯ, ಸುಮಾರು 60 ವ್ಯಾಟ್‌ವರೆಗಿನ, ಮೂರು ಫೇಸ್‌ಗಳ (ಅಂದರೆ ಮೂರು ಸುರುಳಿ ಗುಂಪುಗಳ) ಫ್ಯಾನ್ ಮತ್ತು ಬ್ಲೋವರ್ ಮೋಟಾರುಗಳ ಬಗ್ಗೆ ಮಾತ್ರ. 230 ವೋಲ್ಟ್ ಎಸಿಯನ್ನು ನೇರವಾಗಿ ಡಿಸಿ ಮಾಡಿಕೊಂಡು ಓಡುವ ಬೋರ್ಡುಗಳ ಒಳಗೆ ಸುಮಾರು 325 ವೋಲ್ಟ್ ಇರುತ್ತದೆ ಮತ್ತು ಸ್ವಿಚ್ ಆರಿಸಿದ ನಂತರವೂ ಕೆಪಾಸಿಟರಿನಲ್ಲಿ ಅದು ಉಳಿದಿರಬಹುದು. ಅಂತಹ ಬೋರ್ಡನ್ನು ಈ ಮಾರ್ಗದರ್ಶಿಯ ಆಧಾರದ ಮೇಲೆ ಬಿಚ್ಚಬಾರದು.

ಹಂತ 1: ಸಲಕರಣೆಗಳನ್ನು ಹೊಂದಿಸಿಕೊಳ್ಳುವುದು

ಕರೆಂಟ್ ಮಿತಿಯನ್ನು ನಿಗದಿಪಡಿಸಬಹುದಾದ ಬೆಂಚ್ ಪವರ್ ಸಪ್ಲೈ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಬ್ಯಾಟರಿ ತಪ್ಪನ್ನು ಕ್ಷಮಿಸುವುದಿಲ್ಲ. ಒಂದು ಶಾರ್ಟ್ ಆದರೆ ನೂರಾರು ಆಂಪಿಯರ್ ಹರಿಸಿ ಬೋರ್ಡನ್ನೇ ಸುಡುತ್ತದೆ. ಜೊತೆಗೆ ಮಲ್ಟಿಮೀಟರ್, ಎರಡು ಚಾನೆಲ್‌ನ ಆಸಿಲೊಸ್ಕೋಪ್, ಸಾಧ್ಯವಾದರೆ ಡಿಸಿ ಕರೆಂಟ್ ಕ್ಲಾಂಪ್, ಇಂಡಕ್ಟೆನ್ಸ್ (ಕರೆಂಟಿನ ಬದಲಾವಣೆಯನ್ನು ತಡೆಯುವ ಸುರುಳಿಯ ಗುಣ) ಅಳೆಯುವ ಎಲ್‌ಸಿಆರ್ ಮೀಟರ್, ಐಸಿಯ ರಿಜಿಸ್ಟರುಗಳನ್ನು (ಸೆಟ್ಟಿಂಗ್‌ಗಳು ಕೂರುವ ಜಾಗಗಳನ್ನು) ಬರೆಯಲು ಯುಎಸ್‌ಬಿಯಿಂದ ಐ2ಸಿಗೆ (ಚಿಪ್‌ನೊಂದಿಗೆ ಮಾತಾಡುವ ಎರಡು ತಂತಿಗಳ ಸಂಪರ್ಕಕ್ಕೆ) ಪರಿವರ್ತಿಸುವ ಸಾಧನ ಮತ್ತು ಧ್ವನಿಯ ಆವರ್ತನವನ್ನು ತೋರಿಸುವ ಮೊಬೈಲ್ ಆ್ಯಪ್ ಬೇಕು.

ಮೊದಲ ಪ್ರಯತ್ನಕ್ಕೆ ಬಿಡಿ ಐಸಿ ಕೊಳ್ಳುವ ಬದಲು ಐಸಿಯನ್ನು ಆಗಲೇ ಜೋಡಿಸಿರುವ ತಯಾರಕರ ಮೌಲ್ಯಮಾಪನ ಬೋರ್ಡನ್ನೇ ತರಿಸಿಕೊಳ್ಳುವುದು ಲೇಸು. ಅದರ ಬೆಲೆ ಹೆಚ್ಚು ಎನ್ನಿಸಬಹುದು. ಆದರೆ ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಕುಳಿತು ಒಂದೊಂದು ಬಿಡಿಭಾಗಕ್ಕೂ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಕೊರಿಯರ್ ಕಾಯುವವರಿಗೆ, ಬೋರ್ಡಿನ ವಿನ್ಯಾಸ ಸರಿಯಿದೆ ಎಂಬ ಒಂದು ಖಚಿತತೆ ಇದ್ದರೆ ದೋಷ ಹುಡುಕುವ ಕೆಲಸ ಅರ್ಧ ಮುಗಿದಂತೆ.

ಹಂತ 2: ಮೋಟಾರನ್ನು ಅಳೆಯುವುದು

ಮೊದಲು ತಂತಿಗಳನ್ನು ಎಣಿಸಬೇಕು. ಮೂರು ದಪ್ಪ ತಂತಿಗಳಿದ್ದರೆ ಅದು ಸೆನ್ಸರ್ ಇಲ್ಲದ ಮೂರು ಫೇಸ್ ಮೋಟಾರ್. ಮೂರು ದಪ್ಪ ಮತ್ತು ಐದು ಸಣ್ಣ ತಂತಿಗಳಿದ್ದರೆ ರೋಟರಿನ (ತಿರುಗುವ ಭಾಗದ) ಸ್ಥಾನ ತಿಳಿಸುವ ಹಾಲ್ ಸೆನ್ಸರ್‌ಗಳು ಒಳಗಿವೆ. ಕಂಪ್ಯೂಟರ್ ಫ್ಯಾನಿನ ಹಾಗೆ ಕೆಂಪು, ಕಪ್ಪು ಎಂದು ಎರಡೇ ತಂತಿಗಳಿದ್ದರೆ ಡ್ರೈವರ್ ಐಸಿ ಫ್ಯಾನಿನ ಒಳಗೇ ಇದೆ ಎಂದರ್ಥ, ಅದಕ್ಕೆ ಹೊರಗಿನಿಂದ ಇನ್ನೊಂದು ಡ್ರೈವರ್ ಜೋಡಿಸುವ ಪ್ರಶ್ನೆಯೇ ಇಲ್ಲ.

ನಂತರ ಎರಡೆರಡು ತಂತಿಗಳ ನಡುವಿನ ರೆಸಿಸ್ಟೆನ್ಸ್ ಅಳೆಯಬೇಕು. ಮೂರು ಅಳತೆಗಳೂ ಹತ್ತಿರಹತ್ತಿರ ಇರಬೇಕು, 1.24, 1.22, 1.25 ಓಮ್ ಬಂದರೆ ಒಳ್ಳೆಯ ಮೋಟಾರ್, 1.24, 0.82, 0.80 ಬಂದರೆ ಸುರುಳಿಯ ಒಳಗೆ ಶಾರ್ಟ್ ಇದೆ. ಮೂರು ಸುರುಳಿಗಳ ಒಂದೊಂದು ತುದಿ ಒಂದೆಡೆ ಸೇರುವ ಸ್ಟಾರ್ ಜೋಡಣೆಯಲ್ಲಿ ಎರಡು ತಂತಿಗಳ ನಡುವಿನ ಅಳತೆಯ ಅರ್ಧವೇ ಒಂದು ಫೇಸಿನ ರೆಸಿಸ್ಟೆನ್ಸ್. ಈ ಅರ್ಧ ಮಾಡುವುದನ್ನು ಮರೆತು ಇಡೀ ಸಂಖ್ಯೆಯನ್ನು ಐಸಿಗೆ ಕೊಡುವುದು ಅತ್ಯಂತ ಸಾಮಾನ್ಯವಾದ ತಪ್ಪು. ಸಾಧಾರಣ ಮಲ್ಟಿಮೀಟರಿನಲ್ಲಿ ಒಂದು ಓಮ್‌ಗಿಂತ ಕಡಿಮೆ ಅಳತೆ ನಂಬಲರ್ಹವಲ್ಲ. ಬೆಂಚ್ ಸಪ್ಲೈಯಿಂದ ಎರಡು ತಂತಿಗಳ ಮೂಲಕ ಸರಿಯಾಗಿ 1 ಆಂಪಿಯರ್ ಹರಿಸಿ, ಮೋಟಾರಿನ ತಂತಿಗಳ ಬುಡದಲ್ಲಿಯೇ ವೋಲ್ಟೇಜ್ ಅಳೆದರೆ, ಆ ವೋಲ್ಟೇಜಿನ ಸಂಖ್ಯೆಯೇ ಓಮ್ ಆಗುತ್ತದೆ. ಇಂಡಕ್ಟೆನ್ಸನ್ನೂ ಎಲ್‌ಸಿಆರ್ ಮೀಟರಿನಲ್ಲಿ 1 ಕಿಲೋಹರ್ಟ್ಜ್‌ನಲ್ಲಿ ಅಳೆದು ಅರ್ಧ ಮಾಡಿಕೊಳ್ಳಬೇಕು. ರೋಟರನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಅಳೆದಾಗ ಈ ಸಂಖ್ಯೆ ಏರಿಳಿದರೆ ಗಾಬರಿ ಬೇಡ, ಸರಾಸರಿ ಹಿಡಿದರೆ ಸಾಕು.

ಮೂರನೆಯ ಅಳತೆ ಬ್ಯಾಕ್ ಇಎಂಎಫ್, ಅಂದರೆ ತಿರುಗುವ ಮೋಟಾರ್ ತಾನೇ ಹುಟ್ಟಿಸುವ ವೋಲ್ಟೇಜ್. ರೋಟರನ್ನು ಡ್ರಿಲ್ ಯಂತ್ರದಿಂದ ಒಂದೇ ವೇಗದಲ್ಲಿ ತಿರುಗಿಸಿ, ಎರಡು ತಂತಿಗಳ ನಡುವಿನ ವೋಲ್ಟೇಜನ್ನು ಆಸಿಲೊಸ್ಕೋಪಿನಲ್ಲಿ ನೋಡಬೇಕು. ಅಲೆಯ ಎತ್ತರ ಮತ್ತು ಆವರ್ತನ ಎರಡನ್ನೂ ಬರೆದಿಟ್ಟುಕೊಳ್ಳಬೇಕು. ಆವರ್ತನವನ್ನು ಸೆಕೆಂಡಿನ ಸುತ್ತುಗಳಿಂದ ಭಾಗಿಸಿದರೆ ರೋಟರಿನ ಅಯಸ್ಕಾಂತದ ಧ್ರುವ ಜೋಡಿಗಳ ಸಂಖ್ಯೆ ಸಿಗುತ್ತದೆ. 1500 ಆರ್‌ಪಿಎಂ ಎಂದರೆ ಸೆಕೆಂಡಿಗೆ 25 ಸುತ್ತು, ಆಗ ಆವರ್ತನ 100 ಹರ್ಟ್ಜ್ ಇದ್ದರೆ 4 ಧ್ರುವ ಜೋಡಿಗಳು. ಅಲೆಯ ಆಕಾರವನ್ನೂ ಗಮನಿಸಬೇಕು. ಅದು ಸೈನ್ ಅಲೆಯಂತೆ ದುಂಡಗಿದ್ದರೆ ಈ ಮೋಟಾರನ್ನು ನಿಶ್ಶಬ್ದವಾಗಿ ಓಡಿಸುವುದು ಸುಲಭ. ತಲೆ ಚಪ್ಪಟೆಯಾಗಿದ್ದರೆ ಸೈನ್ ಕರೆಂಟ್ ಕೊಟ್ಟರೂ ಸ್ವಲ್ಪ ಗುನುಗು ಉಳಿಯುತ್ತದೆ, ಅದನ್ನು ಐಸಿಯಿಂದ ಪೂರ್ತಿಯಾಗಿ ತೆಗೆಯಲಾಗದು.

ಹಂತ 3: ಐಸಿಯನ್ನು ಆರಿಸುವುದು

ಅತಿ ಹೆಚ್ಚಿನ ವೋಲ್ಟೇಜಿನಿಂದ ಲೆಕ್ಕ ಆರಂಭಿಸಬೇಕು, ಹೆಸರಿಗೆ ಇರುವ ವೋಲ್ಟೇಜಿನಿಂದ ಅಲ್ಲ. 24 ವೋಲ್ಟ್ ಎಂದು ಕರೆಯುವ ಲೆಡ್ ಆ್ಯಸಿಡ್ ಬ್ಯಾಟರಿ ಜೋಡಿ ಸೋಲಾರ್‌ನಿಂದ ಚಾರ್ಜ್ ಆಗುವಾಗ 28.8 ವೋಲ್ಟ್ ಮುಟ್ಟುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಡಿಆರ್‌ವಿ10983 ಸೊಗಸಾದ, ಸೈನ್ ಅಲೆಯ, ಸೆನ್ಸರ್ ಬೇಡದ ಐಸಿಯೇ ಹೌದು. ಆದರೆ ಅದರ ಕೆಲಸದ ವ್ಯಾಪ್ತಿ 8ರಿಂದ 28 ವೋಲ್ಟ್ ಮಾತ್ರ. 12 ವೋಲ್ಟ್ ಬ್ಯಾಟರಿಗೆ ಅದು ಒಪ್ಪುತ್ತದೆ, 24 ವೋಲ್ಟ್ ಬ್ಯಾಟರಿಗೆ ಒಪ್ಪುವುದಿಲ್ಲ. ಅದೇ ಕಂಪನಿಯ ಎಂಸಿಎಫ್8316ಎ 4.5ರಿಂದ 35 ವೋಲ್ಟ್‌ವರೆಗೆ ಓಡುತ್ತದೆ ಮತ್ತು ಗರಿಷ್ಠ 8 ಆಂಪಿಯರ್ ಕೊಡುತ್ತದೆ. ಕರೆಂಟಿನ ಸ್ವಿಚ್ಚುಗಳಾದ ಆರು ಮಾಸ್ಫೆಟ್‌ಗಳೂ (ಪ್ರತಿ ಫೇಸಿಗೆ ಮೇಲೊಂದು, ಕೆಳಗೊಂದು) ಅದರ ಒಳಗೇ ಇವೆ. ಮುಂದಿನ ಹಂತಗಳ ಉದಾಹರಣೆಗಳು ಈ ಐಸಿಯದ್ದು, ಆದರೆ ಕ್ರಮ ಎಲ್ಲ ಐಸಿಗಳಿಗೂ ಒಂದೇ.

ಎರಡನೆಯ ಪ್ರಶ್ನೆ ನಿಯಂತ್ರಣದ ಬಗೆ. ಟ್ರೆಪಿಜಾಯ್ಡಲ್ ಪದ್ಧತಿಯಲ್ಲಿ ಒಂದೊಂದು ವಿದ್ಯುತ್ ಆವರ್ತಕ್ಕೆ ಆರು ಬಾರಿ ಕರೆಂಟು ಒಂದು ಸುರುಳಿಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ, ಆ ಪ್ರತಿ ಜಿಗಿತಕ್ಕೂ ತಿರುಗುಬಲದಲ್ಲಿ ಒಂದು ಕುಲುಕು ಬೀಳುತ್ತದೆ. ಪಂಪಿಗೆ, ಸ್ಪ್ರೇಯರಿಗೆ ಅದು ನಡೆಯುತ್ತದೆ. ಮಲಗುವ ಕೋಣೆಯ ಫ್ಯಾನಿಗೆ ಸೈನ್ ಅಲೆಯ ಡ್ರೈವ್ ಅಥವಾ ಎಫ್‌ಒಸಿ (ಫೀಲ್ಡ್ ಓರಿಯೆಂಟೆಡ್ ಕಂಟ್ರೋಲ್) ಇರುವ ಐಸಿಯನ್ನೇ ಆರಿಸಬೇಕು. ಎಫ್‌ಒಸಿ ಕರೆಂಟನ್ನು ಅಳೆದು, ಅದು ಯಾವಾಗಲೂ ಬ್ಯಾಕ್ ಇಎಂಎಫ್‌ನೊಂದಿಗೆ ಹೊಂದಿಕೊಂಡಿರುವಂತೆ ತಾನೇ ಸರಿಪಡಿಸಿಕೊಳ್ಳುತ್ತದೆ. ಸದ್ದು ಮತ್ತು ವಿದ್ಯುತ್ ಖರ್ಚು ಎರಡೂ ಒಟ್ಟಿಗೆ ಇಳಿಯುವುದು ಈ ಕಾರಣದಿಂದ.

ಬಿಸಿಯ ಲೆಕ್ಕವನ್ನು ಈಗಲೇ ಹಾಕಬೇಕು. ಎಂಸಿಎಫ್8316ಎಯಲ್ಲಿ ಮೇಲಿನ ಮತ್ತು ಕೆಳಗಿನ ಮಾಸ್ಫೆಟ್ ಎರಡೂ ಸೇರಿ 95 ಮಿಲಿಓಮ್, ಅಂದರೆ ಒಂದಕ್ಕೆ ಸುಮಾರು 47.5. ಪ್ರತಿ ಫೇಸಿನಲ್ಲಿ ಯಾವುದೇ ಕ್ಷಣದಲ್ಲಿ ಒಂದು ಮಾಸ್ಫೆಟ್ ಮಾತ್ರ ಕರೆಂಟ್ ಹೊರುವುದರಿಂದ, 2 ಆಂಪಿಯರ್ ಆರ್‌ಎಂಎಸ್‌ಗೆ (ಬಿಸಿಯ ಲೆಕ್ಕಕ್ಕೆ ಹಿಡಿಯುವ ಪರಿಣಾಮಕಾರಿ ಕರೆಂಟಿಗೆ) 3 ಫೇಸ್ × ಕರೆಂಟಿನ ವರ್ಗ 4 × 0.0475 ಓಮ್, ಅಂದರೆ ಸುಮಾರು 0.57 ವ್ಯಾಟ್ ನಷ್ಟ. ಐಸಿ ಬಿಸಿಯಾದಾಗ ಇದು ಇನ್ನೂ ಏರುತ್ತದೆ, ಸ್ವಿಚಿಂಗ್ ನಷ್ಟ ಬೇರೆ ಸೇರುತ್ತದೆ.

ಹಂತ 4: ಬೋರ್ಡ್ ಮತ್ತು ವಿದ್ಯುತ್ ಪೂರೈಕೆ

ಐಸಿಯ ಹೊಟ್ಟೆಯಡಿಯ ಲೋಹದ ಪ್ಯಾಡನ್ನು ಬೆಸುಗೆ ಹಾಕಿ, ಅದರ ಕೆಳಗೆ ಸಾಲುಸಾಲು ವಯಾಗಳ (ತಾಮ್ರ ಲೇಪಿಸಿದ ಸಣ್ಣ ರಂಧ್ರಗಳ) ಮೂಲಕ ಬೋರ್ಡಿನ ಹಿಂಬದಿಯ ತಾಮ್ರಕ್ಕೆ ಜೋಡಿಸಬೇಕು. ಈ ಪ್ಯಾಡಿಗೆ ಬೆಸುಗೆ ತಾಗದೆ ಇದ್ದರೆ ಐಸಿ ಕೆಲವು ನಿಮಿಷ ಚೆನ್ನಾಗಿ ಓಡಿ, ನಂತರ ಅತಿ ತಾಪದ ರಕ್ಷಣೆಯಿಂದ ನಿಂತು, ತಣ್ಣಗಾದ ಮೇಲೆ ಮತ್ತೆ ಓಡುತ್ತದೆ. ಈ ನಿಂತು ಓಡುವ ಲಕ್ಷಣ ಕಂಡರೆ ಸೆಟ್ಟಿಂಗ್ ಹುಡುಕುವ ಬದಲು ಬೆಸುಗೆಯನ್ನು ನೋಡಬೇಕು.

ಪೂರೈಕೆಯ ಪಿನ್ನುಗಳಿಗೆ ತಾಗಿದಂತೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್, ಅದರ ಪಕ್ಕದಲ್ಲಿ 50 ವೋಲ್ಟಿನ 470 ಮೈಕ್ರೋಫ್ಯಾರಡ್ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಇರಲಿ. ಬ್ಯಾಟರಿ ದೂರದಲ್ಲಿದ್ದಷ್ಟೂ ದೊಡ್ಡ ಕೆಪಾಸಿಟರ್ ಅಗತ್ಯ.

ವೇಗ ಇಳಿಸುವಾಗ ಐಸಿ ಸುಡುವುದರ ಗುಟ್ಟು ಇಲ್ಲಿದೆ. ವೇಗವನ್ನು ಒಮ್ಮೆಲೇ ತಗ್ಗಿಸಿದಾಗ ತಿರುಗುತ್ತಿರುವ ರೆಕ್ಕೆಗಳ ಶಕ್ತಿಯಿಂದ ಮೋಟಾರ್ ಜನರೇಟರಿನಂತೆ ವರ್ತಿಸಿ ಕರೆಂಟನ್ನು ಪೂರೈಕೆಯ ಕಡೆಗೆ ತಳ್ಳುತ್ತದೆ. ಬ್ಯಾಟರಿ ನೇರವಾಗಿ ಜೋಡಿಸಿದ್ದರೆ ಅದು ಆ ಕರೆಂಟನ್ನು ನುಂಗಿಕೊಳ್ಳುತ್ತದೆ. ಆದರೆ ತಂತಿ ತಿರುವುಮುರುವಾದರೆ ಇರಲಿ ಎಂದು ಸಾಲಿನಲ್ಲಿ ಒಂದು ಡಯೋಡ್ ಹಾಕಿದ್ದರೆ ಹಿಂದಿರುಗುವ ದಾರಿ ಮುಚ್ಚಿಹೋಗಿ, ಕೆಪಾಸಿಟರಿನ ವೋಲ್ಟೇಜ್ ಕ್ಷಣಾರ್ಧದಲ್ಲಿ ಏರುತ್ತದೆ. ಈ ಐಸಿ ತಾಳುವ ಗರಿಷ್ಠ 40 ವೋಲ್ಟ್. ಬಹುತೇಕ ಬೆಂಚ್ ಸಪ್ಲೈಗಳೂ ಕರೆಂಟನ್ನು ಹಿಂದಕ್ಕೆ ಸ್ವೀಕರಿಸುವುದಿಲ್ಲ. ಡಯೋಡಿನ ಬದಲು ಎರಡೂ ದಿಕ್ಕಿಗೆ ಕರೆಂಟ್ ಬಿಡುವ ಪಿ-ಚಾನೆಲ್ ಮಾಸ್ಫೆಟ್ ಬಳಸಬೇಕು, ಐಸಿಯಲ್ಲಿರುವ ವೋಲ್ಟೇಜ್ ಏರಿಕೆ ತಡೆಯುವ ಸೌಲಭ್ಯವನ್ನು ಚಾಲೂ ಮಾಡಬೇಕು ಮತ್ತು ವೇಗ ಇಳಿಯುವ ದರವನ್ನು ನಿಧಾನಗೊಳಿಸಬೇಕು. ಗುಡುಗು ಸಿಡಿಲಿಗೆ ಹೆದರಿ, ವೋಲ್ಟೇಜಿನ ಹೊಡೆತ ತಡೆಯುವ ಟಿವಿಎಸ್ ಡಯೋಡ್ ಹಾಕುವವರು ಅದರ ಮೇಲೆ ಬರೆದ ವೋಲ್ಟೇಜನ್ನಷ್ಟೇ ನೋಡಬಾರದು. 30 ವೋಲ್ಟಿನದು ಎಂದು ಕೊಂಡದ್ದು ಪೂರ್ಣ ಹೊಡೆತದಲ್ಲಿ 48 ವೋಲ್ಟ್‌ವರೆಗೆ ಬಿಟ್ಟುಕೊಡುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ತೇವಕ್ಕೆ ಬರಿ ಬೋರ್ಡ್ ಬಾಳುವುದಿಲ್ಲ. ಬೆಸುಗೆಯ ಫ್ಲಕ್ಸ್ ಉಳಿದಿದ್ದರೆ ಒತ್ತೊತ್ತಾದ ಪಿನ್ನುಗಳ ನಡುವೆ ತೇವದ ಮೂಲಕ ಕರೆಂಟ್ ಸೋರಿ, ಮಳೆಗಾಲದಲ್ಲಿ ಮಾತ್ರ ಕಾಣುವ ವಿಚಿತ್ರ ದೋಷಗಳು ಹುಟ್ಟುತ್ತವೆ. ಆದ್ದರಿಂದ ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಅಕ್ರಿಲಿಕ್ ಲೇಪನ ಕೊಡಬೇಕು. ಒಣಗಿಸದೆ ಲೇಪಿಸಿದರೆ ತೇವವನ್ನು ಒಳಗೇ ಬಂಧಿಸಿದಂತೆ. ಲೇಪನ ಕನೆಕ್ಟರುಗಳ ಒಳಗೆ ಹೋಗದಂತೆ ಟೇಪ್ ಅಂಟಿಸಬೇಕು. ಹಂತ 8 ಮುಗಿದ ಮೇಲೆಯೇ ಈ ಕೆಲಸ ಮಾಡಬೇಕು.

ಹಂತ 5: ಮೊದಲ ಬಾರಿ ವಿದ್ಯುತ್ ಕೊಡುವುದು

ಮೋಟಾರ್ ಜೋಡಿಸದೆ, ಕರೆಂಟ್ ಮಿತಿಯನ್ನು 0.1 ಆಂಪಿಯರಿಗೆ ಇಟ್ಟು, 12 ವೋಲ್ಟ್ ಕೊಡಬೇಕು. ಸಪ್ಲೈ ಮಿತಿಗೆ ತಾಗಿದರೆ ಎಲ್ಲೋ ಶಾರ್ಟ್ ಇದೆ. ಐಸಿಯ ಒಳಗಿನ ರೆಗ್ಯುಲೇಟರುಗಳ ವೋಲ್ಟೇಜ್ ಡೇಟಾಶೀಟಿನಲ್ಲಿ (ತಯಾರಕರ ವಿವರಪತ್ರದಲ್ಲಿ) ಇರುವಂತೆಯೇ ಬರುತ್ತಿದೆಯೇ, ಐ2ಸಿಯಲ್ಲಿ ಐಸಿ ಉತ್ತರಿಸುತ್ತಿದೆಯೇ, ದೋಷ ತಿಳಿಸುವ ಫಾಲ್ಟ್ ಪಿನ್ ಏನು ಹೇಳುತ್ತಿದೆ ಎಂಬುದನ್ನು ನೋಡಿಕೊಂಡು, ವಿದ್ಯುತ್ ಆರಿಸಿ, ಆಮೇಲೆ ಮೋಟಾರ್ ಜೋಡಿಸಬೇಕು. ವಿದ್ಯುತ್ ಇರುವಾಗ ಮೋಟಾರಿನ ತಂತಿಗಳನ್ನು ಎಂದಿಗೂ ಕಳಚಬಾರದು, ಸಿಕ್ಕಿಸಬಾರದು.

ಹಂತ 6: ಮೋಟಾರ್ ಹೊರಡುವಂತೆ ಮಾಡುವುದು

ಹೆಚ್ಚಿನವರು ಸೋಲುವುದು ಇಲ್ಲಿ. ನಿಂತಿರುವ ಮೋಟಾರಿನಲ್ಲಿ ಬ್ಯಾಕ್ ಇಎಂಎಫ್ ಇರುವುದಿಲ್ಲ, ಆದ್ದರಿಂದ ಸೆನ್ಸರ್ ಇಲ್ಲದ ಐಸಿಗೆ ರೋಟರ್ ಎಲ್ಲಿದೆ ಎಂದು ಗೊತ್ತಿರುವುದಿಲ್ಲ. ಅದು ಮೊದಲು ರೋಟರನ್ನು ಒಂದು ಸ್ಥಾನಕ್ಕೆ ಎಳೆದು ನಿಲ್ಲಿಸುತ್ತದೆ, ನಂತರ ಕಣ್ಣುಮುಚ್ಚಿ ವೇಗ ಹೆಚ್ಚಿಸುತ್ತದೆ, ಬ್ಯಾಕ್ ಇಎಂಎಫ್ ಕಾಣುವಷ್ಟು ವೇಗ ಬಂದ ಮೇಲೆ ನಿಜವಾದ ನಿಯಂತ್ರಣಕ್ಕೆ ಬದಲಾಗುತ್ತದೆ. ಹಂತ 2ರಲ್ಲಿ ಅಳೆದ ರೆಸಿಸ್ಟೆನ್ಸ್, ಇಂಡಕ್ಟೆನ್ಸ್, ಅಲೆಯ ಎತ್ತರ ಮತ್ತು ಆವರ್ತನದಿಂದ ಲೆಕ್ಕ ಹಾಕಿದ ಬ್ಯಾಕ್ ಇಎಂಎಫ್ ಸ್ಥಿರಾಂಕ, ಇವುಗಳ ಜೊತೆ ಮೋಟಾರಿಗೆ ನಿಗದಿಯಾದ ಗರಿಷ್ಠ ವೇಗವನ್ನು ಈಗ ರಿಜಿಸ್ಟರುಗಳಿಗೆ ಬರೆಯಬೇಕು. ಎಂಸಿಎಫ್8316ಎ ಇವುಗಳಲ್ಲಿ ಮೊದಲ ಮೂರು ಸಂಖ್ಯೆಗಳನ್ನು ತಾನೇ ಅಳೆಯಬಲ್ಲದು. ಆದರೂ ಕೈಯಲ್ಲಿ ಅಳೆದದ್ದರೊಂದಿಗೆ ಹೋಲಿಸದೆ ಅದನ್ನು ಒಪ್ಪಿಕೊಳ್ಳಬಾರದು.

ರೆಕ್ಕೆಗಳನ್ನು ಜೋಡಿಸಿಯೇ ಪರೀಕ್ಷೆ ಮಾಡಬೇಕು, ಏಕೆಂದರೆ ಬರಿಯ ಮೋಟಾರಿಗೆ ಹೊಂದುವ ಆರಂಭದ ದರ ದೊಡ್ಡ ರೆಕ್ಕೆಗಳಿರುವ ಫ್ಯಾನಿಗೆ ಹೊಂದುವುದಿಲ್ಲ. ರೆಕ್ಕೆಗೆ ಜಾಲರಿ ಇರಲಿ ಮತ್ತು ಮೋಟಾರನ್ನು ಮೇಜಿಗೆ ಬಿಗಿಯಾಗಿ ಕಟ್ಟಿರಬೇಕು. ಒಮ್ಮೆಗೆ ಒಂದೇ ಸೆಟ್ಟಿಂಗ್ ಬದಲಿಸಿ ಅದರ ಫಲವನ್ನು ಪುಸ್ತಕದಲ್ಲಿ ಬರೆದಿಡುವುದು ಕಡ್ಡಾಯ ಎಂದೇ ಭಾವಿಸಬೇಕು. ಲಕ್ಷಣಗಳನ್ನು ಹೀಗೆ ಓದಬಹುದು. ರೋಟರ್ ನಡುಗಿ ಅಲ್ಲೇ ನಿಂತರೆ ಆರಂಭದ ಕರೆಂಟ್ ಸಾಲದು. ಸ್ವಲ್ಪ ತಿರುಗಿ ಲಯ ತಪ್ಪಿ ಕುಲುಕಿದರೆ ವೇಗ ಏರಿಸುವ ದರ ಹೆಚ್ಚಾಗಿದೆ, ಅರ್ಧಕ್ಕೆ ಇಳಿಸಬೇಕು. ಚೆನ್ನಾಗಿ ಏರಿ, ಒಂದೇ ವೇಗದಲ್ಲಿ ಪ್ರತಿ ಬಾರಿಯೂ ಧಕ್ಕೆ ತಿಂದು ನಿಂತರೆ, ನಿಯಂತ್ರಣ ಬದಲಾಗುವ ವೇಗ ಬಹಳ ಕಡಿಮೆಯಿದೆ ಅಥವಾ ಬ್ಯಾಕ್ ಇಎಂಎಫ್ ಸಂಖ್ಯೆ ತಪ್ಪಾಗಿದೆ. ಕೆಲವು ಸೆಕೆಂಡಿಗೊಮ್ಮೆ ನಿಯಮಿತವಾಗಿ ಕಟ್ ಎನ್ನುವ ಸದ್ದು ಬರುತ್ತಿದ್ದರೆ ಐಸಿ ರೋಟರ್ ಸಿಕ್ಕಿಬಿದ್ದಿದೆ ಎಂದು ತೀರ್ಮಾನಿಸಿ ಮತ್ತೆಮತ್ತೆ ಪ್ರಯತ್ನಿಸುತ್ತಿದೆ. ಆಗ ಫಾಲ್ಟ್ ರಿಜಿಸ್ಟರ್ ಓದಿದರೆ ಕಾರಣ ಅಲ್ಲೇ ಬರೆದಿರುತ್ತದೆ.

ನಮ್ಮಲ್ಲಿ ಇನ್ನೊಂದು ತೊಂದರೆ ವಿಶೇಷ. ಗೋದಾಮಿನ ಪಡುವಣ ಗೋಡೆಯ ಎಕ್ಸಾಸ್ಟ್ ಫ್ಯಾನನ್ನು ಮುಂಗಾರಿನ ಗಾಳಿ ಸ್ವಿಚ್ ಹಾಕುವ ಮೊದಲೇ ಹಿಂದಕ್ಕೆ ತಿರುಗಿಸುತ್ತಿರುತ್ತದೆ. ನಿಂತಿರುವ ರೋಟರ್ ಎಂದು ಭಾವಿಸಿ ಐಸಿ ಹೊರಟರೆ ಸೋಲುವುದು ಖಚಿತ. ಆರಂಭದ ವೇಗ ಪತ್ತೆ ಮಾಡುವ ಮತ್ತು ಹಿಮ್ಮುಖ ತಿರುಗುವಿಕೆಯನ್ನು ಮೊದಲು ತಡೆದು ನಿಲ್ಲಿಸುವ ಸೌಲಭ್ಯಗಳನ್ನು ಚಾಲೂ ಮಾಡಿ, ಇನ್ನೊಂದು ಫ್ಯಾನಿನ ಗಾಳಿಯನ್ನು ಎದುರಿನಿಂದ ಬಿಟ್ಟು ಪರೀಕ್ಷಿಸಬೇಕು.

ಸೆಟ್ಟಿಂಗ್‌ಗಳೆಲ್ಲ ಒಪ್ಪಿಗೆಯಾಗುವವರೆಗೆ ತಾತ್ಕಾಲಿಕ ರಿಜಿಸ್ಟರುಗಳಲ್ಲೇ ಕೆಲಸ ಮಾಡಿ, ಕೊನೆಗೆ ಮಾತ್ರ ಇಇಪ್ರಾಮ್‌ಗೆ (ವಿದ್ಯುತ್ ಆರಿದರೂ ಉಳಿಯುವ ನೆನಪಿಗೆ) ಬರೆಯಬೇಕು. ಮೋಟಾರ್ ನಿಂತಿರುವಾಗ, ವಿದ್ಯುತ್ ಕಡಿತವಾಗದ ಬ್ಯಾಟರಿಯ ಮೇಲೆ ಬರೆಯಬೇಕು. ನಡುವೆ ವಿದ್ಯುತ್ ಹೋದರೆ ಅರ್ಧಂಬರ್ಧ ಬರೆದ ಸಂಖ್ಯೆಗಳು ಉಳಿಯುತ್ತವೆ.

ಹಂತ 7: ಸದ್ದಿನ ಮೂಲ ಹುಡುಕಿ ಇಳಿಸುವುದು

ಹೆಂಚಿನ ಅಥವಾ ಶೀಟಿನ ಮಾಡಿನ ಮೇಲೆ ಮಳೆ ಹುಯ್ಯುವಾಗ ಸದ್ದು ಪರೀಕ್ಷಿಸಿ ಫ್ಯಾನ್ ನಿಶ್ಶಬ್ದವಾಗಿದೆ ಎಂದು ತೃಪ್ತಿಪಡುವವರು ಇದ್ದಾರೆ. ಡಿಸೆಂಬರಿನ ಒಣ ರಾತ್ರಿಯಲ್ಲಿ ಅದೇ ಫ್ಯಾನ್ ಅತಿಥಿಗಳನ್ನು ಎಬ್ಬಿಸುತ್ತದೆ. ಮಳೆಯಿಲ್ಲದ ರಾತ್ರಿ, ಕಿಟಕಿ ಮುಚ್ಚಿ, ಮಂಚದ ತಲೆಭಾಗದಲ್ಲಿ ಕಿವಿ ಇರುವಷ್ಟೇ ಎತ್ತರದಲ್ಲಿ ಮೊಬೈಲ್ ಇಟ್ಟು ಅಳೆಯಬೇಕು.

ಮೊದಲ ಪರೀಕ್ಷೆಯೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಫ್ಯಾನ್ ಪೂರ್ಣ ವೇಗದಲ್ಲಿರುವಾಗ, ಬ್ರೇಕ್ ಹಾಕದೆ, ಡ್ರೈವನ್ನು ಮಾತ್ರ ಸಂಪೂರ್ಣವಾಗಿ ಕಡಿದುಬಿಡಬೇಕು. ಎಂಸಿಎಫ್8316ಎಯಲ್ಲಿ ಇದಕ್ಕೆಂದೇ ಒಂದು ಪಿನ್ ಇದೆ. ಆ ಕ್ಷಣದಲ್ಲೇ ಸದ್ದು ಮಾಯವಾದರೆ ಅದು ವಿದ್ಯುತ್ತಿನಿಂದ ಹುಟ್ಟಿದ್ದು, ಸೆಟ್ಟಿಂಗ್‌ನಿಂದ ಸರಿಹೋಗಬಲ್ಲದು. ರೆಕ್ಕೆ ನಿಧಾನವಾಗುತ್ತ ಹೋದಂತೆ ಸದ್ದೂ ನಿಧಾನವಾಗಿ ಇಳಿದರೆ ಅದು ಬೇರಿಂಗಿನದೋ ರೆಕ್ಕೆಯದೋ ಗಾಳಿಯದೋ ಆಗಿರುತ್ತದೆ, ರಿಜಿಸ್ಟರಿನಲ್ಲಿ ಅದಕ್ಕೆ ಮದ್ದಿಲ್ಲ.

ಆ್ಯಪ್ ತೋರಿಸುವ ಆವರ್ತನದಿಂದ ಮೂಲ ಇನ್ನೂ ಸ್ಪಷ್ಟವಾಗುತ್ತದೆ. 1200 ಆರ್‌ಪಿಎಂನಲ್ಲಿ ಓಡುವ, 5 ರೆಕ್ಕೆಗಳ, 4 ಧ್ರುವ ಜೋಡಿಗಳ ಫ್ಯಾನನ್ನು ತೆಗೆದುಕೊಳ್ಳೋಣ. 20 ಹರ್ಟ್ಜ್‌ನ ಅಲುಗಾಟ ಇದ್ದರೆ ರೆಕ್ಕೆಯ ತೂಕ ಸಮವಾಗಿಲ್ಲ. 100 ಹರ್ಟ್ಜ್‌ನಲ್ಲಿ ಗುನುಗು ಇದ್ದರೆ ಅದು ರೆಕ್ಕೆಗಳು ಗಾಳಿ ಕಡಿಯುವ ಸದ್ದು. 480 ಹರ್ಟ್ಜ್ ಎಂದರೆ 80 ಹರ್ಟ್ಜ್‌ನ ವಿದ್ಯುತ್ ಆವರ್ತನದ ಆರು ಪಟ್ಟು, ಅದು ಕರೆಂಟಿನ ಅಲೆಯ ವಿಕೃತಿಯಿಂದ ಬರುವ ಸದ್ದು. ಕರೆಂಟ್ ಕ್ಲಾಂಪ್ ಹಾಕಿ ಫೇಸಿನ ಕರೆಂಟನ್ನು ಆಸಿಲೊಸ್ಕೋಪಿನಲ್ಲಿ ನೋಡಿದರೆ ಸೊನ್ನೆಯನ್ನು ದಾಟುವ ಕಡೆ ಅಲೆ ಚಪ್ಪಟೆಯಾಗಿರುವುದು ಕಾಣುತ್ತದೆ. ಮೇಲಿನ ಮತ್ತು ಕೆಳಗಿನ ಮಾಸ್ಫೆಟ್ ಒಟ್ಟಿಗೆ ಆನ್ ಆಗದಂತೆ ಐಸಿ ಬಿಡುವ ಸಣ್ಣ ಅಂತರವೇ (ಡೆಡ್ ಟೈಮ್) ಇದಕ್ಕೆ ಕಾರಣ, ಕಡಿಮೆ ವೇಗದಲ್ಲಿ ಇದರ ಪರಿಣಾಮ ಹೆಚ್ಚು. ಡೆಡ್ ಟೈಮ್ ಪರಿಹಾರದ ಸೆಟ್ಟಿಂಗ್ ಚಾಲೂ ಮಾಡಿದರೆ ಅಲೆ ಮತ್ತೆ ದುಂಡಗಾಗುತ್ತದೆ.

ವೇಗ ಬದಲಿಸಿದರೂ ಬದಲಾಗದ, ತೆಳ್ಳನೆಯ ಕೀರಲು ಸದ್ದು ಪಿಡಬ್ಲ್ಯೂಎಂನದು, ಅಂದರೆ ಮಾಸ್ಫೆಟ್‌ಗಳು ಸೆಕೆಂಡಿಗೆ ಸಾವಿರಾರು ಬಾರಿ ಆನ್-ಆಫ್ ಆಗುವುದರದು. ಅದರ ಆವರ್ತನವನ್ನು 20 ಕಿಲೋಹರ್ಟ್ಜ್‌ಗಿಂತ ಮೇಲಕ್ಕೆ, 25ರ ಆಸುಪಾಸಿಗೆ ಏರಿಸಿದರೆ ನಮ್ಮ ಕಿವಿಗೆ ಬೀಳುವುದಿಲ್ಲ. ತೋಟದ ಮನೆಯ ನಾಯಿಗೆ ಬೀಳುತ್ತದೆ, ನಾಯಿಗಳು ಸುಮಾರು 45 ಕಿಲೋಹರ್ಟ್ಜ್‌ವರೆಗೆ ಕೇಳಬಲ್ಲವು. ಆದರೂ ಸುಮ್ಮಸುಮ್ಮನೆ 60ಕ್ಕೆ ಏರಿಸುವುದು ಸಲ್ಲದು, ಪ್ರತಿ ಏರಿಕೆಯೂ ಸ್ವಿಚಿಂಗ್ ನಷ್ಟವನ್ನು ಅದೇ ಪ್ರಮಾಣದಲ್ಲಿ ಹೆಚ್ಚಿಸುತ್ತದೆ. ಇನ್ನು ಫ್ಯಾನ್ ಹೊರಡುವಾಗ ಮಾತ್ರ ಬರುವ ಚುರುಕಾದ ಸದ್ದು, ರೋಟರಿನ ಸ್ಥಾನ ತಿಳಿಯಲು ಐಸಿ ಕಳಿಸುವ ಕರೆಂಟಿನ ಮಿಡಿತಗಳದ್ದು. ಮಲಗುವ ಕೋಣೆಗೆ ಆ ಪದ್ಧತಿಯ ಬದಲು ರೋಟರನ್ನು ನಿಧಾನವಾಗಿ ಎಳೆದು ನಿಲ್ಲಿಸುವ ಪದ್ಧತಿಯನ್ನು ಆರಿಸಬೇಕು.

ಎಲ್ಲ ಮಾಡಿಯೂ ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಸದ್ದು ದೊಡ್ಡದಾದರೆ ಮರದ ಚಾವಣಿಯೋ ಚೌಕಟ್ಟೋ ಮೋಟಾರಿನೊಂದಿಗೆ ಸೇರಿ ಕಂಪಿಸುತ್ತಿದೆ. ರಬ್ಬರ್ ವಾಷರ್ ಹಾಕಬೇಕು, ಅಥವಾ ರೆಗ್ಯುಲೇಟರಿನಲ್ಲಿ ಆ ವೇಗ ಸಿಗದಂತೆ ಮಾಡಬೇಕು.

ಹಂತ 8: ವಿದ್ಯುತ್ ಉಳಿಸುವುದು

ಫ್ಯಾನ್ ಎಳೆಯುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿರುತ್ತದೆ, ಅರ್ಧ ವೇಗದಲ್ಲಿ ರೆಕ್ಕೆಗೆ ಎಂಟನೆಯ ಒಂದು ಭಾಗ ಶಕ್ತಿ ಸಾಕು. ಆದ್ದರಿಂದ ಗೋದಾಮಿನಲ್ಲಿ ಒಂದು ಫ್ಯಾನನ್ನು ಪೂರ್ಣ ವೇಗದಲ್ಲಿ ಓಡಿಸುವುದಕ್ಕಿಂತ ಎರಡನ್ನು ಅರ್ಧ ವೇಗದಲ್ಲಿ ಓಡಿಸುವುದು ಬ್ಯಾಟರಿಗೂ ಕಿವಿಗೂ ಹಿತ.

ಎಫ್‌ಒಸಿ ಇಲ್ಲದ ಸೈನ್ ಡ್ರೈವ್ ಐಸಿಗಳಲ್ಲಿ ಲೀಡ್ ಆ್ಯಂಗಲ್ ಅನ್ನು ಕೈಯಿಂದ ಹೊಂದಿಸಬೇಕು. ಇಂಡಕ್ಟೆನ್ಸಿನ ದೆಸೆಯಿಂದ ಕರೆಂಟ್ ಹಿಂದೆ ಬೀಳುವುದರಿಂದ ವೋಲ್ಟೇಜನ್ನು ಅಷ್ಟು ಮುಂಚಿತವಾಗಿ ಕೊಡುವುದೇ ಇದರ ಉದ್ದೇಶ. ಕೋನವನ್ನು ಹೆಚ್ಚಿಸಿದಾಗ ವೇಗವೂ ಏರುತ್ತದೆ, ಹಾಗಾಗಿ ಕರೆಂಟ್ ಏರಿದ್ದನ್ನು ನೋಡಿ ದಕ್ಷತೆ ಕೆಟ್ಟಿತು ಎಂದು ತಪ್ಪಾಗಿ ತಿಳಿಯುವವರು ಬಹಳ. ಪ್ರತಿ ಬದಲಾವಣೆಯ ನಂತರ ವೇಗವನ್ನು ಮೊದಲಿನ ಆರ್‌ಪಿಎಂಗೆ ತಂದು, ಆಮೇಲೆ ಬ್ಯಾಟರಿ ಕಡೆಯ ಕರೆಂಟ್ ಓದಬೇಕು. ಅತಿ ಕಡಿಮೆ ಕರೆಂಟ್ ಬರುವ ಕೋನವೇ ಸರಿಯಾದದ್ದು.

ಎಫ್‌ಒಸಿ ಐಸಿಗಳಿಗೆ ಸಂಖ್ಯೆಗಳು ಸರಿಯಿದ್ದರೆ ಸಾಕು, ಆದರೆ ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು ಶೇ 0.39ರಷ್ಟು ಏರುತ್ತದೆ ಎಂಬುದು ನೆನಪಿರಲಿ. ಮಡಿಕೇರಿಯ ಚಳಿಯ ಬೆಳಗಿನಲ್ಲಿ 15 ಡಿಗ್ರಿಯಲ್ಲಿ 0.60 ಓಮ್ ಅಳೆದ ಸುರುಳಿ ಓಡಿ 65 ಡಿಗ್ರಿಗೆ ಬಂದಾಗ 0.72 ಓಮ್ ಆಗಿರುತ್ತದೆ. ಅರ್ಧ ಗಂಟೆ ಓಡಿಸಿ, ಬಿಸಿಯಿರುವಾಗಲೇ ಇನ್ನೊಮ್ಮೆ ಅಳೆದು, ಎರಡರ ನಡುವಿನ ಸಂಖ್ಯೆಯನ್ನು ಕೊಡುವುದು ಒಳ್ಳೆಯದು.

ಐಸಿಯಲ್ಲಿ ಅರ್ಧ ವ್ಯಾಟ್ ಉಳಿಸಲು ಹೆಣಗುವವರು ತಂತಿಯಲ್ಲಿ ಅದರ ನಾಲ್ಕು ಪಟ್ಟು ಕಳೆಯುವುದುಂಟು. ಬ್ಯಾಟರಿಯಿಂದ 10 ಮೀಟರ್ ದೂರದ ಫ್ಯಾನಿಗೆ ಹೋಗಿಬರುವ ತಂತಿ 20 ಮೀಟರ್. 1 ಚದರ ಮಿಲಿಮೀಟರಿನ ತಾಮ್ರದಲ್ಲಿ ಅದು ಸುಮಾರು 0.35 ಓಮ್, 2.5 ಆಂಪಿಯರಿಗೆ 2 ವ್ಯಾಟಿಗೂ ಹೆಚ್ಚು ನಷ್ಟ. 2.5 ಚದರ ಮಿಲಿಮೀಟರಿನ ತಂತಿಯಲ್ಲಿ ಅದು 0.9 ವ್ಯಾಟಿಗೆ ಇಳಿಯುತ್ತದೆ. ಫ್ಯಾನ್ ನಿಂತಿರುವಾಗ ಐಸಿಯನ್ನು ನಿದ್ರಾಸ್ಥಿತಿಗೆ ಕಳಿಸುವುದನ್ನೂ ಮರೆಯಬಾರದು.

ಹಂತ 9: ಅಳವಡಿಸಿದ ಮೇಲೆ ಗಮನಿಸಬೇಕಾದ ಲಕ್ಷಣಗಳು

ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಇರಬೇಕು. ಮೊದಲ ದಿನ ಒಂದು ಗಂಟೆ ಓಡಿಸಿ ಐಸಿಯ ಮೇಲ್ಮೈ ತಾಪ ಅಳೆದು ಬರೆದಿಡಬೇಕು. ಅದೇ ವೇಗದಲ್ಲಿ ಕರೆಂಟ್ ಎಷ್ಟು ಎಂಬುದನ್ನೂ ಬರೆದಿಡಬೇಕು. ಮುಂದೆ ವೇಗ ಅದೇ ಇದ್ದು ಕರೆಂಟ್ ಏರಿದ್ದರೆ ಬೇರಿಂಗ್ ಒಣಗಿದೆ ಅಥವಾ ರೆಕ್ಕೆಗೆ ಧೂಳು ಮೆತ್ತಿದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆ ಮತ್ತು ಕಾಫಿ ಗೋದಾಮುಗಳಲ್ಲಿ ಇದು ಬೇಗ ಆಗುತ್ತದೆ. ಹೊರಡಲು ಮೊದಲಿಗಿಂತ ಹೆಚ್ಚು ಬಾರಿ ಪ್ರಯತ್ನಿಸುತ್ತಿದ್ದರೂ ಕಾರಣ ಸಾಮಾನ್ಯವಾಗಿ ಅದೇ. ಮಳೆಗಾಲದಲ್ಲಿ ಮಾತ್ರ ಫಾಲ್ಟ್ ಬರುತ್ತಿದ್ದರೆ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಹುಡುಕಬೇಕು. ಸುಟ್ಟ ವಾಸನೆ ಬಂದರೆ, ಕೆಪಾಸಿಟರಿನ ತಲೆ ಉಬ್ಬಿದ್ದರೆ ಅಥವಾ ಫ್ಯೂಸ್ ಎರಡನೆಯ ಬಾರಿ ಹೋದರೆ ದೊಡ್ಡ ಫ್ಯೂಸ್ ಹಾಕಿ ಓಡಿಸಬಾರದು. ಬೋರ್ಡನ್ನು ಕಳಚಿ ತಂದು, ಮೋಟಾರ್ ಇಲ್ಲದೆ, 0.1 ಆಂಪಿಯರ್ ಮಿತಿಯಲ್ಲಿ, ಹಂತ 5ರಿಂದ ಮತ್ತೆ ಪರೀಕ್ಷಿಸಬೇಕು.